ಗುದ್ದಲಿಯ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಊರಲ್ಲಿ ಶಾಲೆಯೋ ಸೇತುವೆಯೋ ಏಳಬೇಕೆಂದರೆ ಮೊದಲು ಗುದ್ದಲಿ ಪೂಜೆ. ಅರಿಸಿನ, ಕುಂಕುಮ, ಒಂದು ಮೊಳ ಹೂವು. ಅಷ್ಟು ಮರ್ಯಾದೆ ಪಡೆಯುವ ಈ ಗುದ್ದಲಿಗೆ ಆ ಹೆಸರು ಬಂದದ್ದೆಲ್ಲಿಂದ?

ಕನ್ನಡದ ಕಿವಿಗೆ ತಕ್ಷಣ ಹೊಳೆಯುವುದು ಗುದ್ದು. ಮುಷ್ಟಿಯಿಂದ ಕೊಡುವ ಗುದ್ದೂ ಹೌದು, ಗದ್ದೆಯ ಬದುವಿನಲ್ಲಿ ಏಡಿ ತೋಡಿಕೊಂಡ ಗುದ್ದೂ ಹೌದು. ತೆಲುಗಿನಲ್ಲೂ ಇದು ಗುದ್ದಲಿಯೇ, ತಮಿಳಿನಲ್ಲಿ ಕುಂದಾಲಿ. ಅತ್ತ ಸಂಸ್ಕೃತ, ಪಾಲಿಗಳಲ್ಲಿ ಕುದ್ದಾಲ, ಹಿಂದಿಯಲ್ಲಿ ಕುದಾಲ್, ಬಂಗಾಳಿಯಲ್ಲಿ ಕೋದಾಲ್. ಕೊಟ್ಟವರು ಯಾರು, ಕೊಂಡವರು ಯಾರು? ದ್ರಾವಿಡದಿಂದಲೇ ಸಂಸ್ಕೃತಕ್ಕೆ ಹೋಗಿರಬೇಕು ಎನ್ನುವ ವಿದ್ವಾಂಸರಿದ್ದಾರೆ. ನನಗೂ ಅದೇ ಸರಿಯೆನಿಸುತ್ತದೆ.

ಬುದ್ಧನ ಹಿಂದಿನ ಜನ್ಮಗಳ ಕತೆಗಳಾದ ಪಾಲಿ ಜಾತಕಗಳಲ್ಲಿ 70ನೆಯದು ಕುದ್ದಾಲ ಜಾತಕ. ಕಾಯಿಪಲ್ಲೆ ಬೆಳೆದು ಬದುಕುವ ಒಬ್ಬನಿಗೆ ಆಸ್ತಿಯೆಂದರೆ ಒಂದು ಗುದ್ದಲಿ. ಸನ್ಯಾಸಿಯಾಗಲು ಹೊರಡುತ್ತಾನೆ; ಗುದ್ದಲಿ ನೆನಪಾಗಿ ಮರಳುತ್ತಾನೆ. ಹೀಗೆ ಆರು ಸಲ. ಏಳನೆಯ ಸಲ ಹೊಳೆದಂಡೆಗೆ ಹೋಗಿ, ಬಿದ್ದ ಜಾಗ ಕಂಡರೆ ಮತ್ತೆ ಆಸೆಯಾದೀತೆಂದು ಕಣ್ಣು ಮುಚ್ಚಿ ಅದನ್ನು ನೀರಿಗೆಸೆದು, ಗೆದ್ದೆ ಗೆದ್ದೆ ಎಂದು ಕೂಗುತ್ತಾನೆ. ಸವೆದ ಗುದ್ದಲಿಯನ್ನು ಬಿಡಲಾರದ ಆ ಜೀವದ ಸಂಕಟ ಮಣ್ಣಿನ ಕೆಲಸ ಮಾಡಿದವರಿಗೆ ಅರ್ಥವಾಗುತ್ತದೆ.

ಬಂಡೆ ಮೀಟುವ ಹಾರೆಯ ಕತೆ ಸರಳ. ಪಾಲು ಹಾಲಾದಂತೆ, ಪಾವು ಹಾವಾದಂತೆ, ಪಾರೆ ಹಾರೆಯಾಯಿತು. ತಮಿಳಿನವರು ಇಂದಿಗೂ ಪಾರೈ ಎನ್ನುತ್ತಾರೆ.

ಪಿಕಾಸಿ ಇಂಗ್ಲಿಷಿನ ಪಿಕ್‌ಆಕ್ಸ್‌ನಿಂದ ಬಂದದ್ದು. ಅಲ್ಲಿ 'ಆಕ್ಸ್' ಎಂದರೆ ಕೊಡಲಿ. ಆದರೆ ಮೂಲದಲ್ಲಿ ಕೊಡಲಿಯೇ ಇರಲಿಲ್ಲ! ಹಳೆಯ ಫ್ರೆಂಚಿನಿಂದ ಬಂದ 'ಪಿಕೊಯ್ಸ್' ಎಂಬ ಶಬ್ದದ ಕೊನೆಯನ್ನು ಇಂಗ್ಲಿಷರು ತಮಗೆ ಗೊತ್ತಿದ್ದ ಕೊಡಲಿಗೆ ಜೋಡಿಸಿಕೊಂಡರು. ನಮ್ಮ ಕೂಲಿಕಾರರು ಅದನ್ನು ಪಿಕಾಸಿ ಮಾಡಿದಾಗ ಆ ಕೊಡಲಿ ಮತ್ತೆ ಉದುರಿಹೋಯಿತು.

ತಮಿಳಿನ ಮಮ್ಮಟ್ಟಿ ಇನ್ನೂ ಸೊಗಸು. ಮಣ್ + ವೆಟ್ಟಿ, ಮಣ್ಣು ಕಡಿಯುವಂಥದ್ದು. ಅದೇ ಶಬ್ದ ಬ್ರಿಟಿಷರ ಕಾಲದಲ್ಲಿ 'ಮಮೋಟಿ' ಆಗಿ ಇಂಗ್ಲಿಷಿಗೂ ಸೇರಿತು. ಕಾಗದ ಬರೆಯುವವರೇ ಅಗೆಯುವವರ ಮಾತು ಕಲಿಯಬೇಕಾಯಿತು.

ಇನ್ನು ಹಿಡಿ. ಅದಕ್ಕೆ ನಮ್ಮಲ್ಲಿ ಕಾವು ಎನ್ನುತ್ತಾರೆ. ಗುದ್ದಲಿಯ ಕಣ್ಣಿಗೆ ಕಾವು ತೂರಿಸಿ, ಬೆಣೆ ಬಡಿದು, ಕೆಲಸದ ಹಿಂದಿನ ರಾತ್ರಿ ಬಾನಿಯ ನೀರಿನಲ್ಲಿ ಅದ್ದಿಡುತ್ತಿದ್ದರು ನಮ್ಮಪ್ಪ. ಬೆಳಿಗ್ಗೆಯ ಹೊತ್ತಿಗೆ ಮರ ಉಬ್ಬಿ, ಎಷ್ಟು ಜಗ್ಗಿದರೂ ಅಲ್ಲಾಡುತ್ತಿರಲಿಲ್ಲ.