ಡ್ರಿಲ್ಲಿಂಗ್ ಕೋವಿಗೆ .22 ಹಾರ್ನೆಟ್ ಒಳನಳಿಗೆ: ಕೂರಿಸೋದು, ಗುರಿ ಹೊಂದಿಸೋದು

ಈಗ ಮೇಜಿನ ಮೇಲೆ ಬಾಯಿ ತೆರೆದು ಮಲಗಿರೋದು ಜರ್ಮನ್ ಡ್ರಿಲ್ಲಿಂಗ್. ಮೇಲೆ ಅಕ್ಕಪಕ್ಕ ಎರಡು ಚರೆ ನಳಿಗೆ, 16 ಬೋರ್ (ಬೋರ್ ಅಂದ್ರೆ ನಳಿಗೆಯ ಒಳರಂಧ್ರ, 16 ಅದರ ಅಳತೆ). ಕೆಳಗೆ ನಡುವೆ ಒಂದು ರೈಫಲ್ ನಳಿಗೆ, 9.3×74 ಆರ್ ಅನ್ನೋ ದೊಡ್ಡ ತೋಟಾದ್ದು. ಕಾಡುಹಂದಿಗೆ, ಕೆಂಪು ಜಿಂಕೆಗೆ ಆ ಕೆಳಗಿನ ನಳಿಗೆ ಹೇಳಿ ಮಾಡಿಸಿದ್ದು. ಅದರಲ್ಲೇ ನರಿಗೆ ಹೊಡೆದ್ರೆ ಚರ್ಮ ಚಿಂದಿ. ಚರೆ ಹೊಡೆಯೋಣ ಅಂದ್ರೆ 35 ಮೀಟರ್ ದಾಟಿದ ಮೇಲೆ ಅದನ್ನ ನಂಬೋ ಹಾಗಿಲ್ಲ. ಈ ಎರಡರ ನಡುವಿನ ಕೆಲಸಕ್ಕೆ ಇರೋದು ಇನ್ಸರ್ಟ್ ಬ್ಯಾರೆಲ್, ಜರ್ಮನರ ಐನ್‌ಷ್ಟೆಕ್‌ಲಾಫ್. ಚರೆ ನಳಿಗೆಯೊಳಗೆ ಕೂರಿಸೋ ಸಣ್ಣ ರೈಫಲ್ ನಳಿಗೆ ಅದು, ನಾವು ಒಳನಳಿಗೆ ಅಂತ ಕರೆಯೋಣ. ಇಲ್ಲಿ ಹೇಳೋದು .22 ಹಾರ್ನೆಟ್ ಅನ್ನೋ ಸಣ್ಣ ರೈಫಲ್ ತೋಟಾದ್ದು.

ಒಂದು ಮಾತು ಮೊದಲೇ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಶಿಕಾರಿಗೆ ಜಾಗ ಇಲ್ಲ. ಇಲ್ಲಿ ಹೇಳ್ತಿರೋದೆಲ್ಲ ಜರ್ಮನಿಯಲ್ಲಿ ಬೇಟೆ ಲೈಸೆನ್ಸ್ ಇರೋರಿಗೆ, ಅಲ್ಲೇ ನೆಲೆಸಿ ಲೈಸೆನ್ಸ್ ತಗೊಂಡ ಕನ್ನಡದವರೂ ಸೇರಿ.

ಒಳನಳಿಗೆ ಕೂರೋದು ಬಲಗಡೆ ಚರೆ ನಳಿಗೆಯಲ್ಲಿ. ಕಾರಣ ಮುಂದಿನ ಟ್ರಿಗರ್. ಹೆಚ್ಚಿನ ಡ್ರಿಲ್ಲಿಂಗ್‌ಗಳಲ್ಲಿ ಅದಕ್ಕೆ ಸೆಟ್ ಟ್ರಿಗರ್ ಇರುತ್ತೆ: ಟ್ರಿಗರನ್ನ ಮುಂದಕ್ಕೆ ತಳ್ಳಿದ್ರೆ ಟಿಕ್ ಅಂತ ಕೂರುತ್ತೆ, ಆಮೇಲೆ ಬೆರಳು ತಾಗಿದ್ರೆ ಸಾಕು, ಈಡು ಹಾರುತ್ತೆ. 80 ಮೀಟರ್ ದೂರದ ನರಿಗೆ ಅಷ್ಟು ಹಗುರ ಟ್ರಿಗರ್ ಬೇಕೇ ಬೇಕು. ಎಡ ನಳಿಗೆ ಚರೆಗೇ ಉಳಿಯುತ್ತೆ, ಹಿಂದಿನ ಟ್ರಿಗರ್‌ಗೆ.

ಒಳನಳಿಗೆ ಎರಡು ಥರ. ಸುಮಾರು 22 ಸೆಂಟಿಮೀಟರಿನ ಗಿಡ್ಡದ್ದು ಒಂದು. ಗುಂಡು ಅದರ ತುದಿ ದಾಟಿ, ಉಳಿದ ಚರೆ ನಳಿಗೆಯೊಳಗೆ ಎಲ್ಲೂ ತಾಗದೆ ಹೊರಗೆ ಹೋಗುತ್ತೆ. ಇನ್ನೊಂದು ನಳಿಗೆಯಷ್ಟೇ ಉದ್ದ, ಬಾಯಿಯ ಹತ್ತಿರ ಭದ್ರ ಮಾಡೋದು. ಗಿಡ್ಡದ್ದು ಹಗುರ, ಜೇಬಲ್ಲಿ ಹಿಡಿಯುತ್ತೆ, ಆದ್ರೆ ಗುಂಡಿನ ವೇಗ ಕಡಿಮೆ. ಉದ್ದದ್ದು ಕೋವಿಯ ಮೂತಿಯನ್ನ ಭಾರ ಮಾಡುತ್ತೆ, ಹಾರೋ ಹಕ್ಕಿಗೆ ಬೀಸಿ ಹೊಡೆಯೋಕೆ ಆಗಲ್ಲ. ಮಚಾನಿನ ಮೇಲೆ ಕೂತು ಕಾಯೋರಾದ್ರೆ ಉದ್ದದ್ದೇ ತಗೊಳ್ಳಿ ಅನ್ನೋದು ನಮ್ಮ ಅಭಿಪ್ರಾಯ.

ಕೊಳ್ಳೋ ಮೊದಲು ಕೋವಿಯ ಚೇಂಬರ್, ಅಂದ್ರೆ ತೋಟಾ ಕೂರೋ ಜಾಗದ ಅಳತೆ ಓದಿ. ಹಳೇ 16 ಬೋರ್‌ಗಳು ಎಷ್ಟೋ 65 ಮಿಲಿಮೀಟರಿನವು. 70ಕ್ಕೆ ಅಂತ ಮಾಡಿದ ಒಳನಳಿಗೆ ಅದರಲ್ಲಿ ಪೂರ್ತಿ ಕೂರೋದೇ ಇಲ್ಲ. ಉದ್ದದ್ದಾದ್ರೆ ನಳಿಗೆ ಬಾಯಿಯ ಹತ್ತಿರದ ಚೋಕ್ ಕೂಡ ನೋಡಬೇಕು, ಅಲ್ಲಿ ಬೋರ್ ಕಿರಿದಾಗಿರುತ್ತೆ. ಕೂರಿಸಿದ ಮೇಲೆ ಕೋವಿ ಮುಚ್ಚುವಾಗ ಬಿಗಿ ಅನ್ನಿಸಿದ್ರೆ ಮೊಣಕಾಲಿಗೆ ಕೊಟ್ಟು ಒತ್ತಬೇಡಿ, ಅರ ಹಿಡಿದು ಉಜ್ಜಲೂಬೇಡಿ. ಅದು ಕೋವಿ ಕೆಲಸದವನ ಪಾಲು. ಜರ್ಮನಿಯಲ್ಲಿ ಒಳನಳಿಗೆಗೂ ಒತ್ತಡ ಪರೀಕ್ಷೆಯ ಮುದ್ರೆ ಇರಬೇಕು. ಉಲ್ಮ್, ಸುಹ್ಲ್ ಊರುಗಳಲ್ಲಿ ಆ ಪರೀಕ್ಷಾಲಯಗಳಿವೆ.

ಈಗ ಹಿಂಬದಿ ಹತ್ತಿರದಿಂದ ನೋಡಿ. ಕೋವಿಯ ಎಕ್ಸ್‌ಟ್ರ್ಯಾಕ್ಟರ್ ದಪ್ಪ ಚರೆ ತೋಟಾ ಎತ್ತೋಕೆ ಮಾಡಿದ್ದು, ಹಾರ್ನೆಟ್‌ನ ಸಣ್ಣ ಅಂಚು ಅದಕ್ಕೆ ಸಿಗಲ್ಲ. ಅದಕ್ಕೇ ಒಳನಳಿಗೆಗೆ ತನ್ನದೇ ಸಣ್ಣ ಎಕ್ಸ್‌ಟ್ರ್ಯಾಕ್ಟರ್ ಇದೆ, ದೊಡ್ಡದು ಸರಿದಾಗ ಅದನ್ನೂ ತಳ್ಳುತ್ತೆ. ಹಾರ್ನೆಟ್‌ನಲ್ಲಿ ಪ್ರೈಮರ್ (ಪಿನ್ ಬಡಿದಾಗ ಮದ್ದಿಗೆ ಕಿಡಿ ಕೊಡೋ ಬಟ್ಟಲು) ನಡುವೆ ಇರೋದ್ರಿಂದ ಕೋವಿಯ ಪಿನ್ ನೇರ ಅದಕ್ಕೇ ಬಡಿಯುತ್ತೆ. ಇನ್ನೊಂದು ಸಣ್ಣ ತೋಟಾ .22 ಮ್ಯಾಗ್ನಮ್ ಆದ್ರೆ ಏಟು ಅಂಚಿಗೆ ಬೀಳಬೇಕು, ಹಾಗಾಗಿ ಅದರ ಬೋರನ್ನೇ ನಡುವಿಂದ ಒಂದು ಪಕ್ಕಕ್ಕೆ ಸರಿಸಿ ಕೊರೆದಿರ್ತಾರೆ. ತೋಟಾ ಹಾರದಿದ್ರೆ ಕೋವಿಯನ್ನ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆದು ಪ್ರೈಮರ್ ನೋಡಿ. ಗುಳಿ ನಡುವೆ ಇದ್ದೂ ಆಳ ಇಲ್ಲ ಅಂದ್ರೆ ಒಳನಳಿಗೆ ಮುಂದಕ್ಕೆ ಜರುಗಿರಬಹುದು, ಇಲ್ಲಾ ಸ್ಪ್ರಿಂಗ್ ಸೋತಿರಬಹುದು. ಗುಳಿ ಪಕ್ಕಕ್ಕಿದ್ರೆ ಪಿನ್ನಿಗೂ ಒಳನಳಿಗೆಗೂ ಹೊಂದಾಣಿಕೆ ಆಗಿಲ್ಲ. ಪ್ರೈಮರ್ ತೂತಾಗಿದ್ರೆ ಅಲ್ಲಿಗೇ ನಿಲ್ಲಿಸಿ, ಆ ಕೋವಿಯಿಂದ ಇನ್ನೊಂದು ಈಡು ಬೇಡ.

ಜನ ಹೆಚ್ಚು ಎಡವೋದು ಗುರಿ ಹೊಂದಿಸೋದ್ರಲ್ಲಿ. ಸ್ಕೋಪ್ ಕೆಳಗಿನ 9.3ರದ್ದು. ಅದನ್ನ ಮೊದಲು 100 ಮೀಟರಿಗೆ ಸರಿ ಮಾಡಿ, ಆಮೇಲೆ ಅದರ ತಿರುಗಣೆ ಮುಟ್ಟಲೇಬೇಡಿ. ಹಾರ್ನೆಟ್ ಗುಂಡು ಬೇರೆ ಕಡೆ ಬಿತ್ತು ಅಂತ ಸ್ಕೋಪ್ ತಿರುಗಿಸಿದ್ರೆ ನಾಳೆ ಹಂದಿಗೆ ಗುರಿ ತಪ್ಪುತ್ತೆ. ಸರಿಸಬೇಕಾದ್ದು ಒಳನಳಿಗೆಯ ಮುಂದಿನ ತುದಿಯನ್ನ, ಅದರ ಜೊತೆ ಕೊಟ್ಟ ಕೀಲಿಯಿಂದ. ಗುಂಡು ಎತ್ತ ಹೋಗಬೇಕೋ ತುದಿಯೂ ಅತ್ತಲೇ. 60 ಸೆಂಟಿಮೀಟರಿನದ್ದರಲ್ಲಿ ತುದಿ 0.1 ಮಿಲಿಮೀಟರ್ ಸರಿದ್ರೆ 50 ಮೀಟರಿನಲ್ಲಿ ಗುಂಡು ಸುಮಾರು 8 ಮಿಲಿಮೀಟರ್ ಸರಿಯುತ್ತೆ. 22 ಸೆಂಟಿಮೀಟರಿನದ್ದರಲ್ಲಿ ಅಷ್ಟಕ್ಕೇ 23 ಮಿಲಿಮೀಟರ್! ಗಿಡ್ಡದ್ದು ಬಿಚ್ಚಿ ಹಾಕಿದಾಗೆಲ್ಲ ಗುರಿ ಕದಲೋದು ಇದಕ್ಕೇ. ಒಂದು ಕಸದ ಕಣ ಸಿಕ್ಕಿಕೊಂಡ್ರೂ ಸಾಕು. ಉದ್ದದ್ದರಲ್ಲಿ ಬಾಯಿಯ ನಟ್ಟನ್ನ ಪ್ರತಿ ಸಲ ಒಂದೇ ಗೆರೆಗೆ ತಂದು ಬಿಗಿ ಮಾಡಿ.

ಮೂರು ನಳಿಗೆಯನ್ನೂ ಒಂದಕ್ಕೊಂದು ಬೆಸೆದಿರೋದ್ರಿಂದ ಒಂದು ಬಿಸಿಯಾದ್ರೆ ಉಳಿದವನ್ನೂ ಎಳೆಯುತ್ತೆ. ಬೆನ್ನುಬೆನ್ನಿಗೆ ಐದು ಈಡು ಹೊಡೆದು ಅವು ಬಿದ್ದ ಜಾಗವನ್ನೇ ಕೋವಿಯ ನಿಜವಾದ ಗುಂಪು ಅಂದ್ಕೊಂಡ್ರೆ ಲೆಕ್ಕ ತಪ್ಪುತ್ತೆ. ಒಂದು ಹೊಡೆಯಿರಿ, ನಳಿಗೆ ಕೈಗೆ ತಣ್ಣಗಾಗೋ ತನಕ ಬಿಡಿ, ಆಮೇಲೆ ಮುಂದಿನದು. ಬೇಟೆಯಲ್ಲಿ ಬೇಕಾಗೋದು ತಣ್ಣನೆ ನಳಿಗೆಯ ಮೊದಲ ಈಡು ತಾನೇ. ಗುರಿ ಹೊಂದಿಸೋ ದೂರ ಹಾರ್ನೆಟ್‌ಗೆ 80 ಮೀಟರ್, .22 ಮ್ಯಾಗ್ನಮ್‌ಗೆ 50 ಮೀಟರ್ ಇಟ್ಟುಕೊಂಡ್ರೆ ಸಾಕು.

ಕತ್ತಲಲ್ಲಿ ಹುಷಾರಾಗಿರಬೇಕಾದ್ದು ಹಿಡಿಯ ಮೇಲಿನ ಸ್ಲೈಡ್ ಬಗ್ಗೆ. ಅದು ಹಿಂದಿದ್ರೆ ಮುಂದಿನ ಟ್ರಿಗರ್ ಹಾರ್ನೆಟ್ ಹೊಡೆಯುತ್ತೆ, ಮುಂದಿದ್ರೆ 9.3. ಟ್ರಿಗರ್ ಸೆಟ್ ಮಾಡೋ ಮೊದಲು ಹೆಬ್ಬೆರಳಿಂದ ಮುಟ್ಟಿ ನೋಡಿ. ರೋ ಅನ್ನೋ ಸಣ್ಣ ಜಿಂಕೆ ಬಂದ್ರೆ ಹಾರ್ನೆಟ್ ಲೆಕ್ಕಕ್ಕಿಲ್ಲ: ಜರ್ಮನ್ ಕಾಯ್ದೆ ಅದಕ್ಕೆ 100 ಮೀಟರಿನಲ್ಲಿ ಗುಂಡಿಗೆ ಕನಿಷ್ಠ 1000 ಜೂಲ್ ಶಕ್ತಿ ಕೇಳುತ್ತೆ, ಹಾರ್ನೆಟ್ ಅಲ್ಲಿಗೆ ಮುಟ್ಟಲ್ಲ.

ಮನೆಗೆ ಬಂದ ಮೇಲೆ ಒಳನಳಿಗೆ ಹೊರಗೆ ತೆಗೀಲೇಬೇಕು. ಎರಡು ಉಕ್ಕಿನ ನಡುವೆ ಮಸಿ, ತೇವ ಸೇರಿದ್ರೆ ತುಕ್ಕು ಹಿಡಿದು ಅಂಟಿಕೊಳ್ಳುತ್ತೆ. ಒರೆಸಿ, ತೆಳುವಾಗಿ ಎಣ್ಣೆ ಸವರಿ. ಗ್ರೀಸ್ ಬೇಡ, ಚಳಿಗೆ ಗಟ್ಟಿಯಾಗುತ್ತೆ. .22 ಮ್ಯಾಗ್ನಮ್ ಇರೋರು ಖಾಲಿ ಕೋವಿಯ ಟ್ರಿಗರ್ ಎಳೆಯಬೇಡಿ, ಪಿನ್ ನೇರ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬಿದ್ರೆ ಮುಂದಿನ ತೋಟಾ ಒಳಗೇ ಹೋಗಲ್ಲ.