ರಾಣಿಯರು ಬದಲಾದರು, ಪದಕ ಅದೇ

ಕೇಳುಗರೆ, ನಮಸ್ಕಾರ.

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಆರು ಜನ ಹೆಂಡತಿಯರು ಅನ್ನೋದು ತುಂಬಾ ಜನರಿಗೆ ಗೊತ್ತು. ಅವರ ಒಡವೆಗಳು ಏನಾದವು? ಅದರ ಸುಳಿವು ಆ ಕಾಲದ ಚಿತ್ರಪಟಗಳಲ್ಲಿದೆ.

ಮೂರನೇ ರಾಣಿ ಜೇನ್ ಸೀಮೋರ್. ಹಾನ್ಸ್ ಹೋಲ್ಬೈನ್ ಬರೆದ ಅವಳ ಚಿತ್ರ ಈಗ ವಿಯೆನ್ನಾದಲ್ಲಿದೆ. ಕೆಂಪು ಮಖಮಲ್ಲಿನ ಉಡುಪು, ಕೊರಳಿಗೆ ಮುತ್ತು ಕಲ್ಲು ಸೇರಿಸಿದ ಸರ, ಅದಕ್ಕೊಂದು ಪದಕ, ಪದಕದ ಕೆಳಗೆ ಇಳಿಬಿದ್ದ ಮುತ್ತು. 1537ರಲ್ಲಿ ಜೇನ್ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಕೆಲವು ವರ್ಷಗಳ ಮೇಲೆ ಅದೇ ಹೋಲ್ಬೈನ್ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದಾಗಿ ಹೆಣ್ಣೊಬ್ಬಳ ಚಿತ್ರ ಬರೆದ. ಅದರಲ್ಲಿ ಹೆಸರಿಲ್ಲ. ಆದರೆ ಕೊರಳಲ್ಲಿ ಜೇನ್ ತೊಟ್ಟಂಥದೇ ಪದಕ! ರಾಣಿಯ ಒಡವೆ ಮುಂದಿನ ರಾಣಿಯರಿಗೆ ಹೋಗುತ್ತಿತ್ತಲ್ಲ, ಹಾಗಾಗಿ ಇವಳು ಐದನೇ ರಾಣಿ ಕ್ಯಾಥರೀನ್ ಹವರ್ಡ್ ಇರಬೇಕು ಅಂತ ಅನೇಕರ ಊಹೆ. ಮದುವೆ ಮನೆಯಲ್ಲಿ ಸರ ನೋಡಿದ ಕೂಡಲೇ "ಇದು ನಿಮ್ಮತ್ತೇದಲ್ವಾ?" ಅನ್ನುವವರು ಇರ್ತಾರಲ್ಲ, ಹಾಗೆ.

ಈ ಚಿತ್ರಗಳಲ್ಲಿ ಕಪ್ಪಗೆ, ಚೌಕವಾಗಿ ಕಾಣುವ ಕಲ್ಲುಗಳಲ್ಲಿ ಎಷ್ಟೋ ವಜ್ರಗಳೇ. ಆಗ ಅವುಗಳ ಮೇಲ್ಭಾಗವನ್ನು ಮಟ್ಟಸವಾಗಿ ಕೊಯ್ಯುತ್ತಿದ್ದರು, ಈಗಿನಷ್ಟು ಹೊಳಪು ಬರುತ್ತಿರಲಿಲ್ಲ. ಅಂದಹಾಗೆ, ಆ ಕಾಲದಲ್ಲಿ ಯೂರೋಪಿಗೆ ವಜ್ರ ಹೋಗುತ್ತಿದ್ದದ್ದು ಹೆಚ್ಚುಕಮ್ಮಿ ಎಲ್ಲ ನಮ್ಮ ಭಾರತದಿಂದಲೇ. ಹೆನ್ರಿಗೆ ಪಟ್ಟವಾದ 1509ರಲ್ಲೇ ವಿಜಯನಗರದಲ್ಲಿ ಕೃಷ್ಣದೇವರಾಯನಿಗೂ ಪಟ್ಟವಾಯಿತು. ಈಗಿನ ಆಂಧ್ರದಲ್ಲಿರುವ ವಜ್ರಕರೂರಿನ ವಜ್ರದ ಗಣಿ ಸೀಮೆ ಅವನ ರಾಜ್ಯದಲ್ಲೇ ಇತ್ತು.

ಕೊನೆಯ ರಾಣಿ ಕ್ಯಾಥರೀನ್ ಪಾರ್‌ಳದ್ದು ಇನ್ನೂ ಸ್ವಾರಸ್ಯದ ಕತೆ. ಲಂಡನ್ನಿನ ರಾಷ್ಟ್ರೀಯ ಚಿತ್ರಪಟ ಗ್ಯಾಲರಿಯಲ್ಲಿ ನಿಲುವಿನ ದೊಡ್ಡ ಚಿತ್ರವೊಂದಿದೆ. ಅದು ಮುಂದೆ ಕೆಲವೇ ದಿನ ರಾಣಿಯಾಗಿದ್ದ ಲೇಡಿ ಜೇನ್ ಗ್ರೇ ಎಂದು ಬಹಳ ವರ್ಷ ನಂಬಿದ್ದರು. ಎದೆಯ ಮೇಲೆ ಕಿರೀಟದ ಆಕಾರದ ಒಂದು ಒಡವೆ, ಅದರಿಂದ ಜೋತ ಮೂರು ಮುತ್ತು. ಪಾರ್‌ಳ ಒಡವೆಗಳ ಪಟ್ಟಿಯಲ್ಲಿ ಅದೇ ಒಡವೆ ಸಿಕ್ಕಿತು. 1996ರಲ್ಲಿ ಚಿತ್ರಕ್ಕೆ ಅವಳ ಹೆಸರು ಮರಳಿ ಬಂತು.

ಆದರೆ ತೊಟ್ಟವಳಿಗೆ ಅದರ ಮೇಲೆ ಹಕ್ಕಿತ್ತಾ? 1547ರಲ್ಲಿ ಹೆನ್ರಿ ತೀರಿಕೊಂಡ ಮೇಲೆ ಪಾರ್ ತನ್ನ ಒಡವೆ ಕೇಳಿದಳು. ಅಮ್ಮ ಕೊಟ್ಟ ಶಿಲುಬೆಯೂ ಅದರಲ್ಲಿತ್ತು. ಹೆನ್ರಿಯ ಪುಟ್ಟ ಮಗ ದೊರೆಯಾಗಿದ್ದರಿಂದ ಅವನ ಪರವಾಗಿ ಆಡಳಿತ ಹಿಡಿದಿದ್ದ ಸಾಮರ್ಸೆಟ್ ಅದು ರಾಜ್ಯದ ಸೊತ್ತು ಅಂದ, ಕೊಡಲಿಲ್ಲ. ಇವನು ಯಾರು ಅಂದ್ರೆ ಆ ಜೇನ್ ಸೀಮೋರ್‌ಳ ಅಣ್ಣ! ಪಾರ್ ಮತ್ತೆ ಮದುವೆಯಾಗಿದ್ದದ್ದು ಇವನ ತಮ್ಮ ಥಾಮಸ್‌ನನ್ನು. 1548ರಲ್ಲಿ ಅವಳು ಸತ್ತ ಮೇಲೂ ಥಾಮಸ್ ಪಟ್ಟು ಬಿಡಲಿಲ್ಲ. ಹೆನ್ರಿಯ ಮಗಳು ಮೇರಿಗೆ ಪತ್ರ ಬರೆದ: ನಿಮ್ಮಪ್ಪ ಆ ಒಡವೆಗಳನ್ನು ಅವಳಿಗೇ ಕೊಟ್ಟಿದ್ದೋ, ಇಲ್ಲ ಸುಮ್ನೆ ತೊಡಲು ಕೊಟ್ಟಿದ್ದೋ, ಬರೆದು ತಿಳಿಸಿ ಎಂದು. 1549ರ ಮಾರ್ಚ್‌ನಲ್ಲಿ ರಾಜದ್ರೋಹದ ಆಪಾದನೆ ಮೇಲೆ ಥಾಮಸ್‌ನ ತಲೆ ಕಡಿದರು. ಒಡವೆ ಕೇಳುವವರು ಅಲ್ಲಿಗೆ ಮುಗಿದರು.

ನಮಸ್ಕಾರ.