ದೋಣಿಯಲ್ಲೇ ಉಳಿದ ಅಪ್ಪ

ಕೇಳುಗರೆಲ್ಲರಿಗೂ ನಮಸ್ಕಾರ.

ಹರಿದ ಬಲೆಯನ್ನು ಸರಿಮಾಡುವವರ ಪಕ್ಕದಲ್ಲಿ ಯಾವತ್ತಾದರೂ ಕೂತಿದ್ದೀರಾ? ತೂತು ಕಂಡ ಕೂಡಲೇ ಅವರು ಗಂಟು ಹಾಕುವುದಿಲ್ಲ. ಮೊದಲು ಸುತ್ತ ಜೋತಾಡುವ ನೂಲನ್ನೆಲ್ಲ ಕತ್ತರಿಸಿ, ಇದ್ದ ತೂತನ್ನು ಇನ್ನೂ ದೊಡ್ಡದು ಮಾಡುತ್ತಾರೆ. ನೋಡುವವರಿಗೆ ಇದೇನಪ್ಪಾ ಅನ್ನಿಸುತ್ತದೆ. ಆಮೇಲೆ ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದುಕೊಂಡು, ನೂಲು ಸುತ್ತಿದ ಸೂಜಿಯನ್ನು ಒಂದೊಂದೇ ಕಣ್ಣಿನಲ್ಲಿ ತೂರಿಸುತ್ತಾ ಬರುತ್ತಾರೆ. ಒಂದು ಕಣ್ಣು ಹಿಗ್ಗಿದರೂ ಮೀನು ಅಲ್ಲೇ ಜಾರುತ್ತದೆ. ಅರ್ಧದಲ್ಲಿ ಎದ್ದು ಹೋಗುವ ಕೆಲಸವಲ್ಲ ಅದು.

ಯಾಕೋಬ ಮತ್ತು ಯೋಹಾನ ಎಂಬ ಅಣ್ಣತಮ್ಮಂದಿರು ಅರ್ಧದಲ್ಲೇ ಎದ್ದು ಹೋದರು. ಯೇಸು ತನ್ನ ಮೊದಲ ಶಿಷ್ಯರನ್ನು ಕರೆದ ಕತೆಯಲ್ಲಿ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುವುದು ಈ ಜಾಗ.

ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಸುವಾರ್ತೆ ಅಂತ ಹೆಸರು. ಅವುಗಳಲ್ಲಿ ಮಾರ್ಕನ ಸುವಾರ್ತೆಯಲ್ಲಿ ಇಡೀ ಪ್ರಸಂಗಕ್ಕೆ ಐದೇ ವಚನ. ಯೇಸು ಗಲಿಲಾಯ ಸಮುದ್ರದ ದಡದಲ್ಲಿ ನಡೆದು ಬರುತ್ತಾನೆ. ಸೀಮೋನ ಮತ್ತು ಅವನ ತಮ್ಮ ಅಂದ್ರೆಯ ಬಲೆ ಬೀಸುತ್ತಿದ್ದಾರೆ. ನನ್ನ ಹಿಂದೆ ಬನ್ನಿ, ನಿಮ್ಮನ್ನು ಮನುಷ್ಯರನ್ನು ಹಿಡಿಯುವ ಬೆಸ್ತರನ್ನಾಗಿ ಮಾಡುತ್ತೇನೆ ಅನ್ನುತ್ತಾನೆ. ಅವರು ಬಲೆ ಬಿಟ್ಟು ಹೊರಡುತ್ತಾರೆ. ಸ್ವಲ್ಪ ಮುಂದೆ ಯಾಕೋಬ, ಯೋಹಾನ ದೋಣಿಯಲ್ಲಿ ಬಲೆ ಸರಿಮಾಡುತ್ತಿದ್ದಾರೆ. ಅವರನ್ನೂ ಕರೆಯುತ್ತಾನೆ. ಅವರು ತಂದೆ ಜೆಬೆದಾಯನನ್ನು ಕೂಲಿಯಾಳುಗಳ ಜೊತೆ ದೋಣಿಯಲ್ಲೇ ಬಿಟ್ಟು ಹೊರಡುತ್ತಾರೆ. ಅಷ್ಟೇ. ಮಾರ್ಕನಿಗೆ ಯಾವಾಗಲೂ ಅವಸರ. 'ಕೂಡಲೇ' ಎಂಬ ಅರ್ಥದ ಗ್ರೀಕ್ ಪದವನ್ನು ಅವನು ತನ್ನ ಪುಟ್ಟ ಪುಸ್ತಕದಲ್ಲಿ ಸುಮಾರು 40 ಸಲ ಬಳಸಿದ್ದಾನೆ.

ಹೆಸರಿಗೆ ಸಮುದ್ರ, ಆದರೆ ಅದು ಸಿಹಿನೀರಿನ ಸರೋವರ. ಉತ್ತರ ದಕ್ಷಿಣ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಜಾಸ್ತಿ ಕೆಳಗಿದೆ. ಇನ್ನೊಂದು ಸುವಾರ್ತೆ ಬರೆದ ಲೂಕ ಮಾತ್ರ ಅದನ್ನು ಸಮುದ್ರ ಅನ್ನುವುದಿಲ್ಲ, ಸರೋವರ ಅಂತಲೇ ಬರೆಯುತ್ತಾನೆ. ಈ ನಾಲ್ವರು ದುಡಿದದ್ದು ಅದರ ಉತ್ತರ ದಡದಲ್ಲಿ, ಕಪೆರ್ನೌಮ್, ಬೇತ್ಸಾಯಿದಗಳ ಸುತ್ತಮುತ್ತ.

ಸೀಮೋನ ಬೀಸುತ್ತಿದ್ದದ್ದು ಬೀಸುಬಲೆ. ದುಂಡಗಿನ ಬಲೆ, ಅಂಚಿಗೆಲ್ಲ ಗುಂಡು. ಒಬ್ಬನೇ ಬೀಸಬಹುದು. ಗ್ರೀಕ್ ಮೂಲದಲ್ಲಿ ಈ ಬಲೆಗೆ ಬೇರೆ ಪದ, ಎಳೆಬಲೆಗೆ ಬೇರೆ ಪದ. ಪರಲೋಕ ರಾಜ್ಯ ಬಲೆಯ ಹಾಗೆ ಎಂದು ಯೇಸು ಮುಂದೆ ಒಂದು ಹೋಲಿಕೆಯ ಕತೆ ಹೇಳುತ್ತಾನಲ್ಲ, ಅದು ಎಳೆಬಲೆ. ನಮ್ಮ ಕರಾವಳಿಯ ಕೈರಂಪಣಿ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರೆಲ್ಲ ಸೇರಿ ದಡಕ್ಕೆ ಎಳೆಯುವಂಥದ್ದು.

ಲೂಕನ ಕತೆ ಬೇರೆ ಥರ. ಅಲ್ಲಿ ಬೆಸ್ತರು ರಾತ್ರಿಯಿಡೀ ದುಡಿದು, ಒಂದು ಮೀನೂ ಸಿಗದೆ, ಬೆಳಿಗ್ಗೆ ಬಲೆ ತೊಳೆಯುತ್ತಿದ್ದಾರೆ. ಯಾಕೆ ರಾತ್ರಿ? ಆಗಿನ ಬಲೆ ನಾರಗಸೆಯ ನೂಲಿನದು, ಹಗಲು ತಿಳಿನೀರಿನಲ್ಲಿ ಮೀನಿಗೆ ಕಾಣುತ್ತದೆ. ತೊಳೆದು ಒಣಗಿಸದಿದ್ದರೆ ಕೊಳೆಯುತ್ತದೆ. ಅಂಥ ಹೊತ್ತಿನಲ್ಲಿ, ಬಲೆ ತೊಳೆದು ಮುಗಿಸಿದವರಿಗೆ, ಬಡಗಿಯಾದ ಯೇಸು ಬಂದು ಆಳಕ್ಕೆ ಹೋಗಿ ಬಲೆ ಹಾಕಿ ಅಂತಾನೆ. ಹಗಲಿನಲ್ಲಿ! ಸೀಮೋನನ ಉತ್ತರದಲ್ಲಿ ಆ ಸುಸ್ತು ಕೇಳಿಸುತ್ತದೆ. ರಾತ್ರಿಯೆಲ್ಲ ಕಷ್ಟಪಟ್ಟೆವು, ಏನೂ ಸಿಗಲಿಲ್ಲ. ಆದರೂ ನೀನು ಹೇಳಿದ್ದೀಯ ಅಂತ ಹಾಕುತ್ತೇನೆ. ಬಲೆ ಹರಿಯುವಷ್ಟು ಮೀನು. ಇನ್ನೊಂದು ದೋಣಿಯಲ್ಲಿದ್ದ ಪಾಲುದಾರರಿಗೆ ಕೈಸನ್ನೆ ಮಾಡಿ ಕರೆಯುತ್ತಾರೆ. ಎರಡೂ ದೋಣಿ ಮುಳುಗುವ ಹಾಗಾಗುತ್ತವೆ. ಸೀಮೋನ ಮಾತ್ರ ಕುಣಿದಾಡುವುದಿಲ್ಲ. ಮೊಣಕಾಲೂರಿ, ಸ್ವಾಮಿ, ನನ್ನನ್ನು ಬಿಟ್ಟು ಹೋಗು, ನಾನು ಪಾಪಿ ಅನ್ನುತ್ತಾನೆ.

'ಪಾಲುದಾರರು' ಅನ್ನುವ ಆ ಪದವನ್ನು ಗಮನಿಸಿ. ಸೀಮೋನನಿಗೂ ಜೆಬೆದಾಯನ ಮಕ್ಕಳಿಗೂ ವ್ಯವಹಾರದಲ್ಲಿ ಪಾಲಿತ್ತು. ಜೆಬೆದಾಯನಿಗೆ ದೋಣಿ ಇತ್ತು, ಕೂಲಿಯಾಳುಗಳಿದ್ದರು. ಸೀಮೋನನಿಗೆ ಕಪೆರ್ನೌಮಿನಲ್ಲಿ ಮನೆ ಇತ್ತು, ಹೆಂಡತಿ ಇದ್ದಳು, ಜ್ವರ ಬಂದು ಮಲಗಿದ್ದ ಅತ್ತೆಯೂ ಇದ್ದಳು. ಇವರನ್ನು ಕಡುಬಡವರು, ಬಿಟ್ಟು ಬರಲು ಏನೂ ಇರಲಿಲ್ಲ ಅಂತ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಪ್ಪಲಾರೆ. ಬಿಡಲು ಬೇಕಾದಷ್ಟಿತ್ತು.

1986ರ ಜನವರಿಯಲ್ಲಿ, ಬರದಿಂದ ಸರೋವರದ ನೀರು ಇಳಿದಿದ್ದಾಗ, ಗಿನೋಸಾರ್ ಎಂಬಲ್ಲಿ ಇಬ್ಬರು ಬೆಸ್ತರಿಗೆ ಕೆಸರಿನಲ್ಲಿ ಒಂದು ಹಳೆಯ ದೋಣಿ ಕಂಡಿತು. ಅವರೂ ಅಣ್ಣತಮ್ಮಂದಿರೇ! ಎರಡು ಸಾವಿರ ವರ್ಷದ ಹಿಂದಿನ ದೋಣಿ ಅದು. ಸುಮಾರು 8 ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲ. ಒದ್ದೆ ಸ್ಪಂಜಿನ ಹಾಗಾಗಿದ್ದ ಮರ ಪುಡಿಯಾಗದಂತೆ ಹಗಲು ರಾತ್ರಿ ಅಗೆದು ಮೇಲೆತ್ತಿದರು. ಯೇಸುವಿನ ದೋಣಿ ಅಂತ ಪ್ರವಾಸಿಗರಿಗೆ ತೋರಿಸುತ್ತಾರೆ, ಅದಕ್ಕೆ ಆಧಾರವೇನೂ ಇಲ್ಲ. ನನಗೆ ಇಷ್ಟವಾದದ್ದು ಬೇರೆ. ಆ ದೋಣಿಯಲ್ಲಿ ಹತ್ತಕ್ಕೂ ಹೆಚ್ಚು ಜಾತಿಯ ಮರ ಸಿಕ್ಕಿದೆ. ಬೇರೆ ದೋಣಿಗಳಿಂದ ಕಿತ್ತ ಹಲಗೆಯನ್ನೂ ಸೇರಿಸಿ, ತೇಪೆಯ ಮೇಲೆ ತೇಪೆ ಹಾಕಿ ಓಡಿಸಿದ್ದಾರೆ. ಬಲೆಯಷ್ಟೇ ಅಲ್ಲ, ಅಲ್ಲಿ ದೋಣಿಯನ್ನೂ ದಿನಾ ಸರಿಮಾಡುತ್ತಲೇ ಇರಬೇಕಿತ್ತು.

ಅಪರಿಚಿತನೊಬ್ಬ ಬಾ ಅಂದರೆ ಇಷ್ಟನ್ನೂ ಬಿಟ್ಟು ಹೋಗುತ್ತಾರಾ? ಯೋಹಾನನ ಸುವಾರ್ತೆ ಓದಿದರೆ, ಯೇಸು ಅವರಿಗೆ ಅಪರಿಚಿತನಾಗಿರಲಿಲ್ಲ. ಅಂದ್ರೆಯ ಮೊದಲು ಸ್ನಾನಿಕ ಯೋಹಾನನ ಶಿಷ್ಯ. ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಈ ಯೋಹಾನ ಬೇರೆ, ಯಾಕೋಬನ ತಮ್ಮನಲ್ಲ. ಆ ಗುರು ಯೇಸುವನ್ನು ತೋರಿಸಿದ ಮೇಲೆ ಅಂದ್ರೆಯ ಇನ್ನೊಬ್ಬನ ಜೊತೆ ಯೇಸುವಿನ ಹಿಂದೆ ಸುಮ್ನೆ ನಡೆದುಕೊಂಡು ಹೋಗುತ್ತಾನೆ. ಯೇಸು ತಿರುಗಿ, ಏನು ಬೇಕು ಅಂತ ಕೇಳುತ್ತಾನೆ. ಇವರಿಗೆ ತೋಚಿದ್ದು ಒಂದೇ ಮಾತು: ಗುರುವೇ, ನೀವು ಇಳಿದುಕೊಂಡಿರುವುದು ಎಲ್ಲಿ? ಬಂದು ನೋಡಿ, ಅನ್ನುತ್ತಾನೆ ಯೇಸು. ಆಗ ಸಂಜೆ ಸುಮಾರು ನಾಲ್ಕು ಗಂಟೆ ಅಂತ ಬರೆದಿದೆ. ಮರೆಯಲಾಗದ ದಿನದ ಗಂಟೆಯೂ ನೆನಪಿರುತ್ತದೆ, ಅಲ್ವಾ? ಆಮೇಲೆ ಅಂದ್ರೆಯ ಅಣ್ಣನನ್ನು ಹುಡುಕಿ ಕರೆತರುತ್ತಾನೆ. ಸೀಮೋನನಿಗೆ ಕೇಫ, ಅಂದರೆ ಬಂಡೆ, ಎಂಬ ಹೆಸರು ಬೀಳುವುದು ಅಲ್ಲೇ. ಅದರ ಗ್ರೀಕ್ ರೂಪವೇ ಪೇತ್ರ.

ನಾಲ್ಕು ಸುವಾರ್ತೆಗಳನ್ನು ಹೊಲಿದು ಒಂದೇ ಕತೆ ಮಾಡುವ ಆಸೆ ನನಗಿಲ್ಲ. ಅಂದಿನ ಯಹೂದಿ ಪದ್ಧತಿಯಲ್ಲಿ ಸಾಮಾನ್ಯವಾಗಿ ಶಿಷ್ಯನೇ ಗುರುವನ್ನು ಹುಡುಕಿಕೊಂಡು ಹೋಗುತ್ತಿದ್ದ. ಯೋಹಾನನ ಸುವಾರ್ತೆ ಹೇಳುವುದು ಹೆಚ್ಚುಕಡಿಮೆ ಹಾಗೇ ಇದೆ. ಮಾರ್ಕನಲ್ಲಿ ಗುರುವೇ ಕೆಲಸದ ಜಾಗಕ್ಕೆ, ಮೀನಿನ ವಾಸನೆಯ ನಡುವೆ ಬರುತ್ತಾನೆ.

ಜೆಬೆದಾಯ ಏನಂದ? ಬೈದನೋ, ಹರಸಿದನೋ, ಸೂಜಿ ಎತ್ತಿಕೊಂಡು ಉಳಿದ ಕಣ್ಣುಗಳಿಗೆ ಗಂಟು ಹಾಕುತ್ತಾ ಕೂತನೋ? ಯಾರೂ ಬರೆದಿಲ್ಲ. ಅವನ ಹೆಂಡತಿ ಕತೆಯಲ್ಲಿ ಮತ್ತೆ ಬರುತ್ತಾಳೆ. ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಿಬ್ಬರನ್ನೂ ಎಡಕ್ಕೊಬ್ಬ ಬಲಕ್ಕೊಬ್ಬನಂತೆ ಕೂರಿಸಿಕೋ ಅಂತ ಯೇಸುವನ್ನೇ ಕೇಳುತ್ತಾಳೆ. ಶಿಲುಬೆಯನ್ನು ದೂರದಿಂದ ನೋಡುತ್ತಿದ್ದ ಹೆಂಗಸರಲ್ಲೂ ಅವಳಿದ್ದಳು ಅಂತ ಮತ್ತಾಯನ ಸುವಾರ್ತೆ ಹೇಳುತ್ತದೆ. ಜೆಬೆದಾಯ ಮಾತ್ರ ಆ ದೋಣಿಯಿಂದ ಇಳಿದು ಬರುವುದೇ ಇಲ್ಲ. ಹಿರಿಮಗ ಯಾಕೋಬನನ್ನು ಮುಂದೆ ಅರಸ ಹೆರೋದ ಅಗ್ರಿಪ್ಪ ಕತ್ತಿಯಿಂದ ಕೊಲ್ಲಿಸಿದ. ಆಗ ಅಪ್ಪ ಬದುಕಿದ್ದನೋ ಇಲ್ಲವೋ.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಎಲ್ಲ ಮುಗಿದಿದೆ. ಶಿಲುಬೆ, ಸಮಾಧಿ, ಪುನರುತ್ಥಾನ, ಎಲ್ಲ. ಪೇತ್ರ ಎದ್ದು, ನಾನು ಮೀನು ಹಿಡಿಯಲು ಹೋಗುತ್ತೇನೆ ಅನ್ನುತ್ತಾನೆ. ನಾವೂ ಬರ್ತೀವಿ ಅಂತ ಉಳಿದವರೂ ಹೊರಡುತ್ತಾರೆ. ಮತ್ತೆ ಅದೇ ಸರೋವರ, ಮತ್ತೆ ರಾತ್ರಿಯಿಡೀ ಬರಿಗೈ. ಬೆಳಗಾಗುವಾಗ ದಡದಲ್ಲಿ ಒಬ್ಬ ನಿಂತು, ಬಲಗಡೆಗೆ ಹಾಕಿ ಅನ್ನುತ್ತಾನೆ. 153 ದೊಡ್ಡ ಮೀನು. ಈ ಸಲ ಬಲೆ ಹರಿಯುವುದಿಲ್ಲ. ದಡಕ್ಕೆ ಬಂದರೆ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಅನ್ನುತ್ತಾನೆ ಯೇಸು.

ಆ ರಾತ್ರಿ ದೋಣಿಯಲ್ಲಿದ್ದವರು ಏಳು ಜನ. ಪೇತ್ರ, ತೋಮ, ನತಾನಯೇಲರ ಹೆಸರಿದೆ. ದೋಣಿ ಯಾರದೆಂದು ಹೇಳಿಲ್ಲ. ಈ ಅಣ್ಣತಮ್ಮಂದಿರ ಹೆಸರೂ ಅಲ್ಲಿಲ್ಲ. ಆ ಸುವಾರ್ತೆಯಲ್ಲಿ ಅದೊಂದೇ ಸಲ ಬರುವ ಮಾತಿನಿಂದ ಅವರನ್ನು ಗುರುತಿಸಿದೆ: ಜೆಬೆದಾಯನ ಮಕ್ಕಳು.

ನಮಸ್ಕಾರ.